ದಿವಾಳಿ ದಾವೆಯ ವಕೀಲರು ಯಾರ ಪಕ್ಷ?

ನಮ್ಮ ಕಡೆ ದಿವಾಳಿ ಎಂಬುದು ಬೈಗುಳ. ಅದೊಂದು ಕಾನೂನಿನ ಮಾತೂ ಹೌದೆಂಬುದು ನೆನಪಾಗುವುದು ಕೋರ್ಟಿನ ಅಮೀನರು ಅಂಗಳಕ್ಕೆ ಬಂದ ಮೇಲೆ. ಅದಕ್ಕೂ ಮೊದಲೇ ವಕೀಲರ ಕಚೇರಿಯ ಮೆಟ್ಟಿಲು ಹತ್ತಿದ ಕೆಲವು ಬೆಳೆಗಾರರು ಅಲ್ಲಿ ಒಂದು ಸಂಗತಿ ಕಂಡು ಹಿಂಜರಿಯುವುದುಂಟು. ತಮ್ಮ ಅರ್ಜಿ ಬರೆಯಬೇಕಾದ ವಕೀಲರೇ ಇನ್ನೊಂದು ಪ್ರಕರಣದಲ್ಲಿ ಸಾಲ ಕೊಟ್ಟವರ ಪರ ವಕಾಲತ್ತು ಹಾಕಿರುತ್ತಾರೆ. ಎರಡು ದೋಣಿಯಲ್ಲಿ ಕಾಲಿಟ್ಟವರನ್ನು ನಂಬುವುದು ಹೇಗೆ ಎಂದು ಕೇಳುವವರಿದ್ದಾರೆ.

ಆದರೆ ಸಣ್ಣ ಬೆಳೆಗಾರನೂ ಎರಡು ದೋಣಿಯಲ್ಲೇ ಇರುವವನಲ್ಲವೇ? ಮೂರು ಎಕರೆ ಅಡಿಕೆ, ಎರಡು ಎಕರೆ ರೊಬಸ್ಟಾ ಇರುವ ಒಬ್ಬರನ್ನು ಕಲ್ಪಿಸಿಕೊಳ್ಳಿ. ಬ್ಯಾಂಕಿಗೆ ಆರು ಲಕ್ಷ ಬಾಕಿ. ಅದೇ ಹೊತ್ತಿಗೆ ಪೇಟೆಯ ವ್ಯಾಪಾರಿಗೆ ಹಾಕಿದ ಚಾಲಿಯ ಹಣ ಎರಡು ಲಕ್ಷ ಬರಬೇಕಿದೆ. ಬ್ಯಾಂಕಿನ ಮುಂದೆ ಇವರು ಸಾಲಗಾರರು, ವ್ಯಾಪಾರಿಯ ಮುಂದೆ ಧನಿಗಳು. ವ್ಯಾಪಾರಿ ಅಂಗಡಿ ಬಾಗಿಲು ಹಾಕಿದ ದಿನ ಇವರಿಗೆ ಬೇಕಾಗುವುದು ಎರಡೂ ಕಡೆಯ ಪಟ್ಟು ಬಲ್ಲ ವಕೀಲರು. ಸಾಲ ವಸೂಲಿಯ ಕೆಲಸ ಮಾಡಿದವರಿಗೆ ಬ್ಯಾಂಕಿನವರು ಎಲ್ಲಿ ಬಗ್ಗುತ್ತಾರೆ, ಎಲ್ಲಿ ಬಗ್ಗುವುದಿಲ್ಲ ಎಂಬುದು ತಿಳಿದಿರುತ್ತದೆ. ಸಾಲಗಾರರ ಪರ ದುಡಿದವರಿಗೆ ಆಸ್ತಿ ಮರೆಮಾಚುವ ದಾರಿಗಳೆಲ್ಲ ಗೊತ್ತಿರುತ್ತವೆ, ಆದುದರಿಂದ ಓಡಿಹೋದ ವ್ಯಾಪಾರಿಯ ಜಾಡು ಹಿಡಿಯಲು ಅವರೇ ಸರಿ.

ಈಗ ಕಾನೂನಿಗೆ ಬರೋಣ. 2016ರ ದಿವಾಳಿ ಸಂಹಿತೆಯ ಹೆಸರನ್ನು ಎಲ್ಲರೂ ಕೇಳಿದ್ದಾರೆ. ಅದು ಮುಖ್ಯವಾಗಿ ಕಂಪನಿಗಳಿಗೆ. ವ್ಯಕ್ತಿಗಳ ಮಟ್ಟಿಗೆ 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪನಿ ಸಾಲಗಳಿಗೆ ಜಾಮೀನು ನಿಂತವರ ಕುರಿತ ಭಾಗ ಮಾತ್ರ. ನಮ್ಮಂಥ ಸಾಮಾನ್ಯ ರೈತನಿಗೂ ಸ್ವಂತ ಹೆಸರಿನಲ್ಲಿ ವ್ಯವಹರಿಸುವ ವ್ಯಾಪಾರಿಗೂ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಇದರ ಪ್ರಕಾರ ಅರ್ಜಿ ಸಾಲಗಾರನೂ ಹಾಕಬಹುದು, ಸಾಲ ಕೊಟ್ಟವನೂ ಹಾಕಬಹುದು. ಒಂದೇ ಕಾಯ್ದೆಗೆ ಎರಡು ಬಾಗಿಲು.

ಮೊದಲು ಸಾಲಗಾರನ ಬಾಗಿಲು. ನ್ಯಾಯಾಲಯ ದಿವಾಳಿ ಎಂದು ಘೋಷಿಸಿದರೆ ಆಸ್ತಿಯೆಲ್ಲ ಕೋರ್ಟಿನ ಅಥವಾ ರಿಸೀವರರ ವಶಕ್ಕೆ ಹೋಗುತ್ತದೆ. ಆ ಬಳಿಕ ಬಿಡಿಬಿಡಿ ಸಾಲಿಗರು ಕೋರ್ಟಿನ ಅಪ್ಪಣೆ ಇಲ್ಲದೆ ಬೆನ್ನು ಹತ್ತುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ಜಪ್ತಿಗೆ ಒಳಪಡದ ವಸ್ತುಗಳಿವೆ: ಕೃಷಿಕ ವಾಸವಿರುವ ಅವನದೇ ಮನೆ, ಬೇಸಾಯದ ಉಪಕರಣಗಳು, ಜೀವನಕ್ಕೆ ಅವಶ್ಯವಾದ ದನಕರು, ಬಿತ್ತನೆಯ ಬೀಜ, ಅಡುಗೆ ಪಾತ್ರೆ, ಹಾಸಿಗೆ ಬಟ್ಟೆ. ದಿವಾಳಿಯಲ್ಲೂ ಇವು ರಿಸೀವರರ ಕೈಗೆ ಹೋಗುವುದಿಲ್ಲ.

ಇಷ್ಟು ಓದಿ ಯಾರೂ ಸಮಾಧಾನದ ಉಸಿರು ಬಿಡುವುದು ಬೇಡ. ತೋಟವನ್ನು ಅಡಮಾನ ಮಾಡಿ ಪಡೆದ ಸಾಲಕ್ಕೆ ದಿವಾಳಿ ಕಾಯ್ದೆ ಅಡ್ಡ ಬರುವುದಿಲ್ಲ. ಅಡಮಾನ ಹಿಡಿದವರು ತಮ್ಮ ಆಧಾರದ ಮೇಲೆ ವಸೂಲಿ ಮಾಡಿಕೊಳ್ಳುವ ಹಕ್ಕನ್ನು 28ನೇ ಕಲಮು ಹಾಗೆಯೇ ಉಳಿಸಿದೆ. ಬೆಳೆಗಾರರ ದೊಡ್ಡ ಸಾಲಗಳೆಲ್ಲ ಅಡಮಾನ ಸಾಲಗಳೇ ಆದ್ದರಿಂದ, ಫೀಸು ಪಡೆದು ದಿವಾಳಿ ಅರ್ಜಿ ಬರೆಯುವ ಮುನ್ನ ಈ ಮಾತನ್ನು ಹೇಳದ ವಕೀಲರ ಬಳಿ ಹೆಚ್ಚು ಹೊತ್ತು ಕೂರಬೇಕಾಗಿಲ್ಲ.

ಅಡಮಾನ ಸಾಲಕ್ಕೆ ಬ್ಯಾಂಕುಗಳು ಬಳಸುವುದು 2002ರ ಸರ್ಫೇಸಿ ಕಾಯ್ದೆ. 2020ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಸಹಕಾರಿ ಬ್ಯಾಂಕುಗಳಿಗೂ ಈ ಅಧಿಕಾರವಿದೆ. ಮೊದಲು 60 ದಿನಗಳ ನೋಟೀಸು ಬರುತ್ತದೆ. ಅದಕ್ಕೆ ಲಿಖಿತ ಆಕ್ಷೇಪಣೆ ಕೊಟ್ಟರೆ ಬ್ಯಾಂಕು 15 ದಿನಗಳಲ್ಲಿ ಉತ್ತರಿಸತಕ್ಕದ್ದು. ಸ್ವಾಧೀನದ ಕ್ರಮ ಕೈಗೊಂಡರೆ 45 ದಿನಗಳೊಳಗೆ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಬೇಕು. ಈ ಕಾಯ್ದೆಯ 31ನೇ ಕಲಮು ಕೃಷಿ ಭೂಮಿಯ ಮೇಲಿನ ಅಡಮಾನವನ್ನು ಹೊರಗಿಟ್ಟಿದೆ. ಆದರೆ ಕಾಫಿ ತೋಟ ಕೃಷಿ ಭೂಮಿಯೇ ಎಂಬ ಬಗ್ಗೆ ಬ್ಯಾಂಕುಗಳಿಗೂ ಬೆಳೆಗಾರರಿಗೂ ತಕರಾರು ನಡೆದು ಬಂದಿದೆ. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಯ ಪ್ಲಾಂಟೇಷನ್ ಬೆಳೆಗಳಲ್ಲಿ ಕಾಫಿ, ಏಲಕ್ಕಿ, ಮೆಣಸು, ರಬ್ಬರು, ಚಹಾ ಸೇರಿವೆ, ಅಡಿಕೆ ಸೇರಿಲ್ಲ. ಎರಡೂ ಬೆಳೆ ಇರುವವರು ಯಾವ ಸರ್ವೆ ನಂಬರು ಅಡಮಾನದಲ್ಲಿದೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಪಹಣಿಯಲ್ಲಿ ಕೃಷಿ ಎಂದು ಬರೆದಿದ್ದರೆ ಅಷ್ಟೇ ಸಾಲದು, ಅಡಮಾನ ಮಾಡುವಾಗ ಭೂಮಿ ನಿಜವಾಗಿ ಕೃಷಿಯಲ್ಲಿತ್ತೆಂದು ತೋರಿಸುವ ಹೊಣೆ ಸಾಲಗಾರನದೇ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಗೊಬ್ಬರದ ರಸೀದಿ, ಮಾರಾಟದ ಬಿಲ್ಲು, ಕೂಲಿಯ ಲೆಕ್ಕದ ಪುಸ್ತಕ ಇವೆಲ್ಲ ಆಗ ಕೆಲಸಕ್ಕೆ ಬರುತ್ತವೆ. ಅಟ್ಟದ ಮೇಲೆ ಗೆದ್ದಲಿಗೆ ಬಿಟ್ಟಿದ್ದರೆ ಇಂದೇ ಇಳಿಸಿ.

ಇನ್ನು ಧನಿಯ ಬಾಗಿಲು. ವ್ಯಾಪಾರಿ ಕೈಯೆತ್ತಿದ ಸುದ್ದಿ ಬಂದಾಗ ಊರವರೆಲ್ಲ ಅವನ ಮನೆಯ ಮುಂದೆ ಸೇರಿ ಕೂಗಾಡಿ ಬರುವುದು ವಾಡಿಕೆ. ಕೂಗಾಟ ಮುಗಿದು ಮನೆಗೆ ಬಂದವರು ಗೋಡೆಯ ಪಂಚಾಂಗ ನೋಡಬೇಕು. ವ್ಯಾಪಾರಿ ಸಾಲಿಗರನ್ನು ತಪ್ಪಿಸಲು ಆಸ್ತಿ ವರ್ಗಾಯಿಸಿದ, ಊರು ಬಿಟ್ಟ, ಅಥವಾ ಪಾವತಿ ನಿಲ್ಲಿಸಿದೆನೆಂದು ನೋಟೀಸು ಕೊಟ್ಟ, ಇವೆಲ್ಲ ಕಾಯ್ದೆಯ ಕಣ್ಣಿನಲ್ಲಿ ದಿವಾಳಿಯ ಕೃತ್ಯಗಳು. ಅಂಥ ಕೃತ್ಯ ನಡೆದ ಮೂರು ತಿಂಗಳೊಳಗೆ ಸಾಲ ಕೊಟ್ಟವರ ಅರ್ಜಿ ಕೋರ್ಟು ಸೇರಬೇಕು. ಆ ಮೂರು ತಿಂಗಳು "ದೀಪಾವಳಿ ಕಳೆಯಲಿ, ಕೊಡುತ್ತಾನೆ" ಎಂಬ ಮಾತಿನಲ್ಲೇ ಕಳೆದುಹೋಗುವುದೇ ಹೆಚ್ಚು.

ಅರ್ಜಿ ಹೋದರೆ ಲಾಭವೇನು? ಅರ್ಜಿಗೆ ಹಿಂದಿನ ಮೂರು ತಿಂಗಳಲ್ಲಿ ವ್ಯಾಪಾರಿ ತನ್ನ ಭಾವಮೈದುನನ ಸಾಲವನ್ನು ಮಾತ್ರ ಪೂರ್ತಿ ತೀರಿಸಿ, ಉಳಿದವರಿಗೆ ಬರಿಗೈ ತೋರಿಸಿದ್ದರೆ ಆ ಪಾವತಿಯನ್ನು ರದ್ದು ಮಾಡಿಸಲು ಅವಕಾಶವಿದೆ. ಪ್ರತಿಫಲವಿಲ್ಲದೆ ಹೆಂಡತಿ ಮಕ್ಕಳ ಹೆಸರಿಗೆ ಬರೆದ ಆಸ್ತಿಯಾದರೆ ಎರಡು ವರ್ಷದ ಹಿಂದಿನವರೆಗೂ ಕೈ ಚಾಚಬಹುದು. ಹಾಗೆ ವಾಪಸು ಬಂದದ್ದು ಒಬ್ಬರ ಪಾಲಲ್ಲ, ಸಾಲ ರುಜುವಾತು ಪಡಿಸಿದ ಎಲ್ಲರಿಗೂ ಪ್ರಮಾಣಾನುಸಾರ ಹಂಚಿಕೆ. ಸರ್ಕಾರದ ಬಾಕಿ ಮತ್ತು ಆಳುಗಳ ಸಂಬಳದ ಒಂದು ಭಾಗ ಮೊದಲು ಕಳೆಯುತ್ತವೆ. ರೂಪಾಯಿಗೆ ನಾಲ್ಕಾಣೆ ಕೈಗೆ ಬಂದೀತು, ಅದೂ ಬಾರದಿರಬಹುದು.

ರುಜುವಾತಿಗೆ ಬೇಕಾದದ್ದು ಕಾಗದ. ತೂಕದ ಚೀಟಿಯಲ್ಲಿ ಅಂಗಡಿಯ ಹೆಸರು, ತಾರೀಖು, ದರ, ಸಹಿ ನಾಲ್ಕೂ ಇರಬೇಕು. ವಾಯಿದೆ ಗೊತ್ತು ಮಾಡದೆ ಸರಕು ಕೊಟ್ಟಿದ್ದರೆ ಕೊಟ್ಟ ದಿನದಿಂದ ಮೂರು ವರ್ಷಕ್ಕೆ ದಾವೆಯ ಅವಧಿ ತೀರುತ್ತದೆ. ಅಷ್ಟರೊಳಗೆ ಬಾಕಿ ಇಷ್ಟಿದೆ ಎಂದು ಅವನ ಸಹಿಯೊಂದಿಗೆ ಬರೆಸಿಕೊಂಡರೆ ಅವಧಿ ಹೊಸದಾಗಿ ಆರಂಭವಾಗುತ್ತದೆ. ಖರೀದಿದಾರ ಕಂಪನಿಯಾಗಿದ್ದರೆ ಮಾತು ಬೇರೆ. 2020ರ ಮಾರ್ಚಿನಿಂದ ಕನಿಷ್ಠ ಒಂದು ಕೋಟಿ ಬಾಕಿ ಇಲ್ಲದೆ ಸಂಹಿತೆಯಡಿ ಅರ್ಜಿ ಹಾಕುವಂತಿಲ್ಲ. ಬೇರೆಯವರು ಹಾಕಿದ್ದರೆ ಅದರಲ್ಲಿ ನಮ್ಮ ಬಾಕಿಯನ್ನು ಸಲ್ಲಿಸಬಹುದಷ್ಟೆ.

ಇಷ್ಟೆಲ್ಲ ಕೆಲಸ ಮಾಡುವ ವಕೀಲರಿಗೆ ಕಟ್ಟುಪಾಡುಗಳೂ ಇವೆ. ಬೇರೆ ಬೇರೆ ಪ್ರಕರಣಗಳಲ್ಲಿ ಎರಡೂ ಕಡೆ ನಿಲ್ಲುವುದು ತಪ್ಪಲ್ಲ. ಆದರೆ ಒಂದು ವಿಷಯದಲ್ಲಿ ಒಬ್ಬರಿಗೆ ಸಲಹೆ ಕೊಟ್ಟಿದ್ದರೂ ಸಾಕು, ಅದೇ ವಿಷಯದಲ್ಲಿ ಎದುರು ಪಕ್ಷಕ್ಕೆ ನಿಲ್ಲುವಂತಿಲ್ಲ ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮ ಹೇಳುತ್ತದೆ. ಎದುರು ಪಕ್ಷದೊಂದಿಗೆ ಸಂಬಂಧವಿದ್ದರೆ ಮೊದಲೇ ಮುಚ್ಚುಮರೆಯಿಲ್ಲದೆ ಹೇಳಬೇಕು. ಬಂದ ಹಣದಲ್ಲಿ ಪಾಲು ಎಂಬ ಕರಾರು ಮಾಡಕೂಡದು. ತಾವು ನಡೆಸಿದ ಮೊಕದ್ದಮೆಯ ಡಿಕ್ರಿ ಹರಾಜಿನಲ್ಲಿ ತಮ್ಮ ಹೆಸರಿನಲ್ಲಾಗಲೀ ಬೇನಾಮಿಯಾಗಿ ಆಗಲೀ ಆಸ್ತಿ ಕೊಳ್ಳಕೂಡದು. ಆದುದರಿಂದ ವಕೀಲರನ್ನು ಕೇಳಬೇಕಾದ ಮೊದಲ ಪ್ರಶ್ನೆ: "ಸ್ವಾಮಿ, ನನ್ನ ಬ್ಯಾಂಕಿಗೆ ಅಥವಾ ಆ ವ್ಯಾಪಾರಿಗೆ ತಾವು ವಕೀಲರೇ?" ಕೇಳಿದ್ದಕ್ಕೆ ಯಾವ ಒಳ್ಳೆಯ ವಕೀಲರೂ ಮುನಿಯುವುದಿಲ್ಲ. ನಮ್ಮ ಸಂಘವೂ ಸಾಲ ಕೊಡುವ ಸಂಸ್ಥೆಯೇ. ಸಂಘದ ಕೆಲಸ ನೋಡುವ ವಕೀಲರನ್ನು ಸಂಘದ ಸಾಲದ ವಿಷಯಕ್ಕೆ ಸದಸ್ಯರು ಹಿಡಿಯಬಾರದೆಂದು ಹೇಳಲು ನಮಗೆ ಸಂಕೋಚವಿಲ್ಲ.

ಜಾಮೀನಿನ ಮಾತು ಉಳಿಯಿತು. ದಿವಾಳಿಯಾದವನಿಗೆ ಮುಂದೆ ಕೋರ್ಟು ಬಿಡುಗಡೆ ಕೊಟ್ಟರೂ ಅವನಿಗೆ ಜಾಮೀನು ನಿಂತವನಿಗೆ ಬಿಡುಗಡೆ ಇಲ್ಲ, 44ನೇ ಕಲಮಿನಲ್ಲಿ ಇದು ಸ್ಪಷ್ಟವಿದೆ. ನೀನು ನನಗೆ, ನಾನು ನಿನಗೆ ಎಂದು ಪರಸ್ಪರ ಸಹಿ ಹಾಕಿದ ನೆರೆಹೊರೆಯವರಿದ್ದರೆ ವಕೀಲರ ಬಳಿಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗುವುದು ಒಳ್ಳೆಯದು. ಹಕ್ಕುಬಾಧ್ಯತೆಗಳು ಬೇರೆಯಾದ್ದರಿಂದ ಅವರಿಗೆ ಇನ್ನೊಬ್ಬ ವಕೀಲರು ಬೇಕಾದೀತು, ಅದನ್ನೂ ಅಲ್ಲಿಯೇ ಕೇಳಿಕೊಳ್ಳಿ.