ಇನ್ಸುಲಿನ್ ಸಿರಿಂಜ್ ಎಲ್ಲವೂ ಒಂದೇನಾ? ಕೆಂಪು ಕ್ಯಾಪ್, ಕಿತ್ತಳೆ ಕ್ಯಾಪ್ ಹೇಳುವ ಲೆಕ್ಕ

“ಸಿರಿಂಜ್ ಯಾವುದಾದರೇನು, 20 ಅಂದರೆ 20 ತಾನೆ?” ಇನ್ಸುಲಿನ್ ತೆಗೆದುಕೊಳ್ಳುವವರ ಮನೆಯಲ್ಲಿ ಇಂಥ ಮಾತು ಬರುತ್ತದೆ. ಸಿರಿಂಜ್ ಖಾಲಿಯಾದಾಗ ಮೆಡಿಕಲ್ ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು, ಅದೇ 20ರ ಗೆರೆಯವರೆಗೆ ಔಷಧ ಎಳೆದು ಚುಚ್ಚಿಬಿಡುತ್ತಾರೆ. ಈ ನಂಬಿಕೆ ತಪ್ಪು, ಜೀವಕ್ಕೇ ಅಪಾಯ ತರುವಷ್ಟು ತಪ್ಪು.

ನಮ್ಮಲ್ಲಿ ಇನ್ಸುಲಿನ್ ಹೆಚ್ಚಾಗಿ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ. ಸಾಮಾನ್ಯ ಗಾಜಿನ ಬಾಟಲಿಯಲ್ಲಿ ಹೆಚ್ಚಾಗಿ ಒಂದು ಎಂಎಲ್‌ಗೆ 40 ಯುನಿಟ್ ಇರುತ್ತದೆ. ಪೆನ್ ಕಾರ್ಟ್ರಿಜ್‌ಗಳಲ್ಲಿ ಮತ್ತು ಕೆಲವು ಬಾಟಲಿಗಳಲ್ಲಿ 100 ಯುನಿಟ್. 40ರ ಔಷಧಕ್ಕೆ ಕೆಂಪು ಕ್ಯಾಪಿನ ಸಿರಿಂಜ್, 100ರದಕ್ಕೆ ಕಿತ್ತಳೆ ಕ್ಯಾಪಿನದು.

ಈಗ ಲೆಕ್ಕ ನೋಡೋಣ. ಕೆಂಪು ಸಿರಿಂಜಿನಲ್ಲಿ 20ರ ಗೆರೆ ಎಂದರೆ ಅರ್ಧ ಎಂಎಲ್. ಅದರಲ್ಲಿ 100ರ ಇನ್ಸುಲಿನ್ ಎಳೆದರೆ ಒಳಗೆ ಹೋಗುವುದು 20 ಯುನಿಟ್ ಅಲ್ಲ, 50. ಎರಡೂವರೆ ಪಟ್ಟು! ಉಲ್ಟಾ ಆದರೆ, ಅಂದರೆ 40ರ ಔಷಧವನ್ನು ಕಿತ್ತಳೆ ಸಿರಿಂಜಿನಲ್ಲಿ 20ರವರೆಗೆ ಎಳೆದರೆ, ಹೋಗುವುದು ಬರೀ 8 ಯುನಿಟ್. ಶುಗರ್ ಇಳಿಯುವುದಿಲ್ಲ, ಬೈಗುಳ ಡಾಕ್ಟರಿಗೆ.

ಭಾಲ್ಕಿ ತಾಲ್ಲೂಕಿನ ಮೆಹಕರದಂಥ ಊರಲ್ಲಿ ಇವೆರಡೂ ಬೆರೆಯುವುದು ಕಷ್ಟವೇನಲ್ಲ. ತೋರಿಸುವುದು ಬೀದರಿನಲ್ಲೋ ಹೈದರಾಬಾದಿನಲ್ಲೋ, ಔಷಧ ಭಾಲ್ಕಿಯದು, ಸಿರಿಂಜ್ ಉದಗೀರಿಗೆ ಹೋದವರು ತಂದದ್ದು. ಪಟ್ಟಣದಲ್ಲಿರುವ ಮಗ ಪೆನ್ ಕೊಡಿಸಿರುತ್ತಾನೆ. ಪೆನ್ನಿನ ಸೂಜಿ ಮುಗಿದ ದಿನ, ಔಷಧ ಹಾಳಾಗಬಾರದೆಂದು ಕಾರ್ಟ್ರಿಜ್‌ನಿಂದ ಹಳೆಯ ಕೆಂಪು ಸಿರಿಂಜಿಗೆ ಎಳೆಯುತ್ತಾರೆ. ಮೇಲಿನ 50 ಯುನಿಟ್ ಆಗುವುದು ಹೀಗೆಯೇ. ಪೆನ್ನಿನ ಔಷಧವನ್ನು ಸಿರಿಂಜಿಗೆ ಎಳೆಯಲೇಬೇಡಿ.

ಆಸ್ಪತ್ರೆಯಲ್ಲಿ ದಿನವೂ ನೋಡುವ ಸಿಸ್ಟರ್ ಮತ್ತೆ ಹೆಸರು ಕೇಳಿದರೆ ನಮಗೆ ಸಿಡಿಮಿಡಿ. “ಇವರಿಗೆ ನೆನಪೇ ಇರಲ್ಲ” ಅನ್ನುತ್ತೇವೆ. ಆದರೆ ನರ್ಸಿಂಗ್ ಕಲಿಸುವುದೇ ಹಾಗೆ: ಸರಿಯಾದ ರೋಗಿ, ಸರಿಯಾದ ಔಷಧ, ಪ್ರಮಾಣ, ದಾರಿ, ಸಮಯ, ಈ ಐದನ್ನೂ ಪ್ರತಿ ಸಲ ನೋಡಬೇಕು. ಲೇಬಲ್ ಓದುವುದು ಮೂರು ಸಲ: ಔಷಧ ಎತ್ತಿಕೊಳ್ಳುವಾಗ, ಎಳೆಯುವಾಗ, ಬಾಟಲಿ ವಾಪಸ್ ಇಡುವಾಗ. ಇನ್ಸುಲಿನ್ ಹೆಚ್ಚು ಎಚ್ಚರ ಬೇಕಾದ ಔಷಧಗಳ ಪಟ್ಟಿಯಲ್ಲಿರುವುದರಿಂದ ಹಲವು ಆಸ್ಪತ್ರೆಗಳಲ್ಲಿ ಇನ್ನೊಬ್ಬ ಸಿಸ್ಟರ್ ಕೂಡ ಪ್ರಮಾಣ ನೋಡುತ್ತಾರೆ. ಚೀಟಿಯಲ್ಲಿ ‘ಯುನಿಟ್’ ಎಂದು ಪೂರ್ತಿ ಬರೆಯಬೇಕೆನ್ನುವುದಕ್ಕೂ ಕಾರಣವಿದೆ. ಇಂಗ್ಲಿಷಿನ ಒಂದೇ ಅಕ್ಷರ ‘ಯು’ ಬರೆದರೆ ಅದು ಸೊನ್ನೆಯಂತೆ ಕಂಡು 10 ಹೋಗಿ 100 ಆದೀತು.

ಚುಚ್ಚಿದ ಮೇಲೂ ಕೆಲಸ ಮುಗಿಯುವುದಿಲ್ಲ. ಊಟಕ್ಕೆ ಮುಂಚೆ ಕೊಡುವ ಸಾಮಾನ್ಯ ರೆಗ್ಯುಲರ್ ಇನ್ಸುಲಿನ್ನಿನ ಪ್ರಭಾವ ಹೆಚ್ಚಾಗುವುದು 2ರಿಂದ 4 ಗಂಟೆಯ ನಡುವೆ. ಅದಕ್ಕೇ ಸಿಸ್ಟರ್ ಮೊದಲು ಶುಗರ್ ನೋಡುತ್ತಾರೆ, ಊಟ ಬಂದಿದೆಯೇ ಕೇಳುತ್ತಾರೆ, ಮತ್ತೆ ಬಂದು ಮಾತಾಡಿಸುತ್ತಾರೆ. ಕೊಟ್ಟ ತಕ್ಷಣ ಬರೆದಿಡುತ್ತಾರೆ, ಇಲ್ಲದಿದ್ದರೆ ಮುಂದಿನ ಪಾಳಿಯವರು ಮತ್ತೊಮ್ಮೆ ಕೊಟ್ಟಾರು. ಮನೆಯಲ್ಲೂ ಇದೇ ಆಗುತ್ತದೆ: ಬೆಳಿಗ್ಗೆ ಮಗ ಕೊಟ್ಟು ಹೊಲಕ್ಕೆ ಹೋದ, ಗೊತ್ತಿಲ್ಲದೆ ಸೊಸೆ ಮತ್ತೆ ಕೊಟ್ಟಳು. ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೆರೆ ಎಳೆದರೆ ಸಾಕು. ಏಕಾದಶಿ, ರೋಜಾ ಉಪವಾಸ ಇದ್ದರೆ ಪ್ರಮಾಣ ಎಷ್ಟು ಎಂದು ಡಾಕ್ಟರನ್ನು ಮೊದಲೇ ಕೇಳಿ.

ಪ್ರಮಾಣ ಹೆಚ್ಚಾದರೆ ಶುಗರ್ 70ಕ್ಕಿಂತ ಕೆಳಗಿಳಿಯಬಹುದು. ಬೆವರು, ಕೈ ನಡುಕ, ಎದೆ ಡವಡವ, ತೀರಾ ಹಸಿವು, ಆಮೇಲೆ ಅಸಂಬದ್ಧ ಮಾತು. ಕುಡಿದಿದ್ದಾರೆ, ಗಾಳಿ ಸೋಕಿದೆ ಅಂದುಕೊಂಡು ಹೊತ್ತು ಕಳೆಯಬೇಡಿ. ಎಚ್ಚರವಿದ್ದು ನುಂಗಲು ಆಗುವವರಿಗೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಶುಗರ್ ನೋಡಿ, ಇನ್ನೂ ಕಡಿಮೆಯಿದ್ದರೆ ಮತ್ತೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಉಸಿರು ಕಟ್ಟೀತು. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ.

ತಪ್ಪು ಸಿರಿಂಜಿನಲ್ಲಿ ಹೆಚ್ಚು ಹೋಗಿದೆ ಎಂದು ಗೊತ್ತಾದರೆ ನಡುಕ ಬರಲಿ ಎಂದು ಕಾಯಬೇಡಿ. ತಕ್ಷಣ ಊಟ ಕೊಟ್ಟು ಆಸ್ಪತ್ರೆಗೆ ಹೊರಡಿ. ಬಾಟಲಿಯನ್ನೂ ಸಿರಿಂಜನ್ನೂ ಜೊತೆಗೆ ಒಯ್ಯಿರಿ, ಎಷ್ಟು ಹೋಗಿದೆ ಎಂಬ ಲೆಕ್ಕ ಅಲ್ಲಿ ಬೇಕಾಗುತ್ತದೆ.