ವಿಜ್ಞಾನಿಯನ್ನು ರೂಪಿಸುವವರು ಯಾರು?

ಮಹತ್ತ್ವದ ಸಂಶೋಧನೆಯೊಂದನ್ನು ಕುರಿತು ಓದುವಾಗ ನಾವು ಸಂಶೋಧಕನ ಪ್ರತಿಭೆಯನ್ನು ಕೊಂಡಾಡುತ್ತೇವೆ. ಅವನನ್ನು ತಿದ್ದಿದ ಕೈಗಳನ್ನು ಮರೆಯುತ್ತೇವೆ. ಪ್ರತಿಭೆಯು ಹುಟ್ಟಿನೊಡನೆ ಬರಬಹುದು. ಆದರೆ ಅದನ್ನು ಯಾವ ಪ್ರಶ್ನೆಯಲ್ಲಿ, ಎಂತಹ ನಿಷ್ಠೆಯಿಂದ ತೊಡಗಿಸಬೇಕೆಂಬುದನ್ನು ಮನುಷ್ಯನು ಬಹುಮಟ್ಟಿಗೆ ಹಿರಿಯರೊಬ್ಬರ ಬಳಿ ಇದ್ದು ಕಲಿಯುತ್ತಾನೆ. ಹ್ಯಾನ್ಸ್ ಕ್ರೆಬ್ಸ್ ಎಂಬ ಜೀವರಸಾಯನ ವಿಜ್ಞಾನಿಯ ಬಾಳು ಇದಕ್ಕೆ ಒಳ್ಳೆಯ ನಿದರ್ಶನ. ನಾವು ಉಂಡ ಆಹಾರವು ಜೀವಕೋಶಗಳಲ್ಲಿ ಹಂತಹಂತವಾಗಿ ಉತ್ಕರ್ಷಣಗೊಂಡು ಶಕ್ತಿಯನ್ನು ನೀಡುವ ರಾಸಾಯನಿಕ ಚಕ್ರವನ್ನು 1937ರಲ್ಲಿ ವಿವರಿಸಿದವರು ಇವರೇ.

ಕ್ರೆಬ್ಸರು 1900ರಲ್ಲಿ ಜರ್ಮನಿಯ ಹಿಲ್ಡೆಸ್‌ಹೈಮ್ ಎಂಬ ಊರಿನಲ್ಲಿ ವೈದ್ಯರೊಬ್ಬರ ಮಗನಾಗಿ ಜನಿಸಿ, ತಾವೂ ವೈದ್ಯಶಾಸ್ತ್ರವನ್ನೇ ಓದಿದರು. 1926ರಲ್ಲಿ ಬರ್ಲಿನ್ನಿನಲ್ಲಿ ಆಟೋ ವಾರ್‌ಬರ್ಗರ ಪ್ರಯೋಗಶಾಲೆಯನ್ನು ಸೇರಿದರು. ಜೀವಂತ ಅಂಗಾಂಶವನ್ನು ಅರ್ಧ ಮಿಲಿಮೀಟರಿಗಿಂತ ತೆಳುವಾದ ಬಿಲ್ಲೆಗಳಾಗಿ ಸೀಳಿ, ಲವಣದ್ರವದಲ್ಲಿಟ್ಟು, ಅದು ಹೀರುವ ಆಮ್ಲಜನಕವನ್ನು ಒತ್ತಡಮಾಪಕದಿಂದ ಅಳೆಯುವುದು ವಾರ್‌ಬರ್ಗರ ವಿಧಾನ. ಬಿಲ್ಲೆಯು ದಪ್ಪವಾದರೆ ಆಮ್ಲಜನಕವು ಒಳಗಿನ ಕೋಶಗಳನ್ನು ಮುಟ್ಟದು, ಅಳತೆಯು ಸುಳ್ಳಾಗುವುದು. ಇಂತಹ ಕೌಶಲವು ಪುಸ್ತಕವನ್ನು ಓದಿದ ಮಾತ್ರಕ್ಕೆ ಬರುವುದಿಲ್ಲ. ಬಲ್ಲವರ ಪಕ್ಕದಲ್ಲಿ ನಿಂತು ಕೈ ಪಳಗಬೇಕು.

ಆದರೆ ಆ ನಾಲ್ಕು ವರ್ಷಗಳಲ್ಲಿ ಕ್ರೆಬ್ಸರಿಗೆ ದೊರೆತದ್ದು ಕೈಚಳಕ ಮಾತ್ರವಲ್ಲ. ಶ್ರೇಷ್ಠ ಗುರುಗಳು ಕೊಡುವುದರಲ್ಲಿ ಎಲ್ಲಕ್ಕಿಂತ ಹಿರಿದಾದುದು ಕೆಲಸವನ್ನು ತೂಗಿ ನೋಡುವ ಉನ್ನತ ಮಾನದಂಡ ಎಂಬುದು ಅವರು ಮುಂದೆ ಪ್ರಕಟಿಸಿದ ಅಭಿಪ್ರಾಯ. ಎಷ್ಟು ಸಲ ಪರೀಕ್ಷಿಸಿದ ಮೇಲೆ ಫಲಿತಾಂಶವನ್ನು ನಂಬಬಹುದು, ಯಾವ ಪ್ರಶ್ನೆಯು ವರ್ಷಗಟ್ಟಲೆ ಶ್ರಮಕ್ಕೆ ಯೋಗ್ಯ ಎಂಬ ವಿವೇಕವನ್ನು ಶಿಷ್ಯನು ಗುರುವಿನ ನಿತ್ಯದ ನಡೆಯಿಂದಲೇ ಗ್ರಹಿಸುತ್ತಾನೆ.

1930ರಲ್ಲಿ ಕ್ರೆಬ್ಸರು ಆ ಗರಡಿಯನ್ನು ಬಿಟ್ಟರು. ಕಲಿತ ವಿಧಾನವನ್ನು ತಮ್ಮದೇ ಆದ ಪ್ರಶ್ನೆಗೆ ತಿರುಗಿಸಿ, ಯಕೃತ್ತು ಅಮೋನಿಯವನ್ನು ಯೂರಿಯವಾಗಿ ಮಾರ್ಪಡಿಸುವ ಬಗೆಯನ್ನು ಹೆನ್ಸೆಲೈಟ್ ಎಂಬ ವಿದ್ಯಾರ್ಥಿಯೊಡನೆ 1932ರಲ್ಲಿ ಫ್ರೈಬರ್ಗ್ ನಗರದಲ್ಲಿ ಕಂಡುಹಿಡಿದರು. ಮರುವರ್ಷವೇ ನಾಟ್ಸಿ ಸರ್ಕಾರವು ಅವರು ಯೆಹೂದಿ ವಂಶದವರೆಂಬ ಕಾರಣದಿಂದ ಕೆಲಸದಿಂದ ತೆಗೆದುಹಾಕಿತು.

ಈಗ ಅವರಿಗೆ ಬೇಕಾಗಿದ್ದುದು ಪಾಠ ಹೇಳುವ ಗುರುವಲ್ಲ, ಬಾಗಿಲು ತೆರೆಯುವ ಹಿರಿಯರು. ಕೇಂಬ್ರಿಜ್ಜಿನ ಪ್ರಾಧ್ಯಾಪಕ ಫ್ರೆಡರಿಕ್ ಗೌಲೆಂಡ್ ಹಾಪ್ಕಿನ್ಸರು ಅವರನ್ನು ತಮ್ಮಲ್ಲಿಗೆ ಬರಮಾಡಿಕೊಂಡರು. 1935ರಲ್ಲಿ ಕ್ರೆಬ್ಸರು ಶೆಫೀಲ್ಡಿಗೆ ತೆರಳಿದರು; ಎರಡು ವರ್ಷಗಳ ತರುವಾಯ ಜಾನ್ಸನ್ ಎಂಬ ಶಿಷ್ಯನೊಡನೆ ಸಿಟ್ರಿಕ್ ಆಮ್ಲ ಚಕ್ರವನ್ನು ಪ್ರಕಟಿಸಿದರು. 1953ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಹಾಪ್ಕಿನ್ಸರು ಕೈ ಚಾಚದಿದ್ದಲ್ಲಿ ಈ ಸಂಶೋಧನೆಯ ಗತಿ ಏನಾಗುತ್ತಿತ್ತೆಂಬುದನ್ನು ವಾಚಕರೇ ಊಹಿಸಬಹುದು.

1967ರ ಲೇಖನವೊಂದರಲ್ಲಿ ಕ್ರೆಬ್ಸರು ತಮ್ಮ ಗುರುಪರಂಪರೆಯನ್ನು ಗುರುತಿಸಿದರು. ವಾರ್‌ಬರ್ಗರ ಗುರು ಎಮಿಲ್ ಫಿಷರ್. ಫಿಷರರ ಗುರು ಬೇಯರ್. ಅವರ ಗುರು ಕೆಕುಲೆ. ಕೆಕುಲೆಯವರ ಗುರು ಲೀಬಿಗ್. ಅಮೆರಿಕದ ಸಮಾಜಶಾಸ್ತ್ರಜ್ಞೆ ಹ್ಯಾರಿಯೆಟ್ ಜುಕರ್‌ಮನ್ನರು 1977ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೋಲುತ್ತದೆ: 1972ರವರೆಗೆ ಅಮೆರಿಕದಲ್ಲಿ ಮಾಡಿದ ಸಂಶೋಧನೆಗಾಗಿ ನೊಬೆಲ್ ಪಡೆದ 92 ವಿಜ್ಞಾನಿಗಳಲ್ಲಿ 48 ಮಂದಿ, ತಮಗಿಂತ ಹಿರಿಯರಾದ ನೊಬೆಲ್ ವಿಜ್ಞಾನಿಗಳ ಕೈಕೆಳಗೆ ದುಡಿದವರು. ಇದರಿಂದ ಎಲ್ಲವೂ ಗುರುವಿನ ಮಹಿಮೆಯೇ ಎಂದು ತೀರ್ಮಾನಿಸಲಾಗದು. ಜಾಣ ಶಿಷ್ಯರು ಒಳ್ಳೆಯ ಗುರುವನ್ನು ಅರಸುತ್ತಾರೆ. ಗುರುಗಳೂ ಜಾಣರನ್ನೇ ಆರಿಸುತ್ತಾರೆ. ಕಾರಣ ಯಾವುದು, ಕಾರ್ಯ ಯಾವುದು ಎಂದು ಬೇರ್ಪಡಿಸುವುದು ಇಲ್ಲಿ ಸುಲಭವಲ್ಲ.

ಆದರೂ ಜಾಣತನವು ಯಾರ ಕಣ್ಣಿಗೂ ಬೀಳದೆ ಹೋಗುವ ಸಂಭವವುಂಟು. 1945ರಲ್ಲಿ ಶಾಲೆಯನ್ನು ಮುಗಿಸಿದ ಹ್ಯಾನ್ಸ್ ಕಾರ್ನ್‌ಬರ್ಗ್ ಎಂಬ ನಿರಾಶ್ರಿತ ಹುಡುಗನು ಕ್ರೆಬ್ಸರ ಪ್ರಯೋಗಶಾಲೆಯಲ್ಲಿ ಕಿರಿಯ ಸಹಾಯಕನಾಗಿ ಸೇರಿದನು. ಆತನು ಅದೇ ಕೆಲಸದಲ್ಲಿ ಉಳಿದಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಕ್ರೆಬ್ಸರು ಆತನನ್ನು ಮುಂದೆ ಓದುವಂತೆ ಪ್ರೋತ್ಸಾಹಿಸಿದರು. ಸೂಕ್ಷ್ಮಜೀವಿಗಳಲ್ಲಿ ಸಿಟ್ರಿಕ್ ಆಮ್ಲ ಚಕ್ರವು ತಾಳುವ ಒಂದು ರೂಪಾಂತರವನ್ನು 1957ರಲ್ಲಿ ಇಬ್ಬರೂ ಕೂಡಿ ಪ್ರಕಟಿಸಿದರು. 1975ರಲ್ಲಿ ಕಾರ್ನ್‌ಬರ್ಗರು ಕೇಂಬ್ರಿಜ್ಜಿನಲ್ಲಿ ಜೀವರಸಾಯನ ಶಾಸ್ತ್ರದ ಪ್ರಾಧ್ಯಾಪಕ ಪೀಠವನ್ನು ಏರಿದರು. ಹಿಂದೆ ಹಾಪ್ಕಿನ್ಸರು ಅಲಂಕರಿಸಿದ್ದ ಪೀಠವೇ ಅದು.

ಇದರಿಂದ ನಾವು ತಿಳಿಯಬೇಕಾದುದು ಇಷ್ಟು. ಒಬ್ಬನೇ ಗುರುವು ಬಾಳಿನ ಎಲ್ಲ ಘಟ್ಟಗಳಿಗೂ ಸಾಲನು. ಮೊದಲು ಕೈಯನ್ನು ಪಳಗಿಸುವವರು ಬೇಕು; ಸಂಕಟದಲ್ಲಿ ಆಶ್ರಯ ಕೊಡುವವರು ಬೇಕು; ಕಡೆಗೆ, ನಾವೇ ಇನ್ನೊಬ್ಬರಿಗೆ ಹಾಗಾಗಬೇಕು. ಕಾರ್ಖಾನೆಯಾಗಲಿ, ಶಾಲೆಯಾಗಲಿ, ಆಸ್ಪತ್ರೆಯಾಗಲಿ, ಹೊಸದಾಗಿ ಬಂದ ಕಿರಿಯನು ಎಲ್ಲೆಡೆಯೂ ಇರುತ್ತಾನೆ. ಅವನೊಳಗೆ ಏನು ಅಡಗಿದೆಯೆಂಬುದು ಅವನಿಗೇ ತಿಳಿದಿರದು. ಪಕ್ಕದಲ್ಲಿರುವ ಹಿರಿಯರು ಮೊದಲು ಅದನ್ನು ಕಾಣಬೇಕು.