ಭವಿಷ್ಯವಾಣಿಯೂ ರಾಜ್ಯಗಳ ಏಳುಬೀಳೂ: ದಾನಿಯೇಲನ ಗ್ರಂಥದಿಂದ ಚಿಕ್ಕೋಡಿಯ ಸೀಮೆಗೆ

ನಿಪ್ಪಾಣಿಗೆ ಸಮೀಪದ ಕುರ್ಲಿ-ಅಪ್ಪಾಚಿವಾಡಿಯ ಹಾಲಸಿದ್ಧನಾಥನ ಜಾತ್ರೆಯಲ್ಲಿ ಪ್ರತಿವರ್ಷವೂ ಭಾಕಣೂಕ ನಡೆಯುವುದು ಆ ಸೀಮೆಯವರೆಲ್ಲ ಬಲ್ಲ ಸಂಗತಿ. ಮಳೆಬೆಳೆ, ಧಾರಣೆ, ರೋಗರುಜಿನಗಳ ಜೊತೆಗೆ ಆಳುವವರ ಏಳುಬೀಳುಗಳೂ ಅದರಲ್ಲಿ ನುಡಿಯಲ್ಪಡುತ್ತವೆ. ಕೇಳಲು ನೆರೆಯುವವರಲ್ಲಿ ಕನ್ನಡಿಗರೂ ಮರಾಠಿ ಮಾತಾಡುವವರೂ ಇರುತ್ತಾರೆ. ನುಡಿದುದು ನಿಜವಾಯಿತೇ ಎಂಬ ಚರ್ಚೆ ಮುಂದಿನ ಜಾತ್ರೆಯವರೆಗೆ ಊರಕಟ್ಟೆಗಳ ಮೇಲೆ ಸಾಗುವುದು. ಆ ಚರ್ಚೆ ನಮ್ಮದಲ್ಲ. ಶ್ರದ್ಧೆಯ ವಿಷಯದಲ್ಲಿ ತೀರ್ಪು ಕೊಡುವುದು ಇತಿಹಾಸಕಾರನ ಕೆಲಸವೂ ಅಲ್ಲ. ರಾಜ್ಯಗಳ ಅಳಿವನ್ನು ಕುರಿತ ಇಂಥ ನುಡಿಯನ್ನು ಚರಿತ್ರೆಯ ಸಾಧನವಾಗಿ ಬಳಸಬಹುದೇ, ಬಳಸುವುದಾದರೆ ಹೇಗೆ ಎಂಬುದಷ್ಟೇ ನಮ್ಮ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುವ ಮಾರ್ಗವು ಬೈಬಲ್ಲಿನ ಅಧ್ಯಯನದಲ್ಲಿ ಬಹುಕಾಲದಿಂದ ಸವೆದಿರುವುದರಿಂದ ಮೊದಲು ಅತ್ತ ನೋಡುವುದು ಉಚಿತ.

ದಾನಿಯೇಲನ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನು ಕನಸಿನಲ್ಲಿ ಒಂದು ಮಹಾಪ್ರತಿಮೆಯನ್ನು ಕಾಣುತ್ತಾನೆ. ಅದರ ತಲೆ ಬಂಗಾರದ್ದು, ಎದೆ ಬೆಳ್ಳಿಯದು, ಹೊಟ್ಟೆ ತಾಮ್ರದ್ದು, ಕಾಲುಗಳು ಕಬ್ಬಿಣದವು. ಪಾದಗಳು ಮಾತ್ರ ಕಬ್ಬಿಣವೂ ಜೇಡಿಮಣ್ಣೂ ಬೆರೆತವು. ಕೈ ಸೋಂಕದೆ ಒಡೆದು ಬಂದ ಕಲ್ಲೊಂದು ಆ ಪಾದಗಳಿಗೆ ಬಡಿದು ಪ್ರತಿಮೆಯೆಲ್ಲ ಚೂರಾಗುತ್ತದೆ. ಇವು ಒಂದರ ಹಿಂದೊಂದು ಬರುವ ನಾಲ್ಕು ರಾಜ್ಯಗಳೆಂದು ದಾನಿಯೇಲನ ವಿವರಣೆ. ನಾಲ್ಕನೆಯದು ಯಾವುದು? ಗ್ರಂಥವು ಹುಟ್ಟಿದ ಕಾಲದವರಿಗೆ ಅದು ಗ್ರೀಕರ ರಾಜ್ಯವಾಗಿತ್ತೆಂದು ಇಂದಿನ ಬಹುಮಂದಿ ವಿದ್ವಾಂಸರ ಮತ. ರೋಮ್ ಪ್ರಬಲಿಸಿದ ಮೇಲೆ ಓದಿದವರಿಗೆ ಅದೇ ಕಬ್ಬಿಣದ ಕಾಲು ರೋಮ್ ಆಯಿತು. ಮಾತು ಇದ್ದಂತೆಯೇ ಇದ್ದು ಅರ್ಥವು ಹೊಸ ಅರಸನ ಬೆನ್ನು ಹಿಡಿಯಿತು.

ಕಾಲನಿರ್ಣಯಕ್ಕೆ ಹೆಚ್ಚು ಉಪಕರಿಸುವುದು ಹನ್ನೊಂದನೆಯ ಅಧ್ಯಾಯ. ಅಲ್ಲಿ ಉತ್ತರದ ಅರಸರೂ ದಕ್ಷಿಣದ ಅರಸರೂ, ಎಂದರೆ ಸಿರಿಯದ ಸೆಲ್ಯೂಕಸ್ ವಂಶದವರೂ ಈಜಿಪ್ಟಿನ ಟಾಲೆಮಿ ವಂಶದವರೂ, ಮಾಡಿದ ಯುದ್ಧ, ವಿವಾಹ, ವಂಚನೆಗಳು ಬೆರಗಾಗುವಷ್ಟು ಕರಾರುವಾಕ್ಕಾಗಿ ಬಂದಿವೆ. ನಾಲ್ಕನೆಯ ಆಂಟಿಯೋಕಸನು ಕ್ರಿ.ಪೂ. 167ರಲ್ಲಿ ಜೆರೂಸಲೇಮಿನ ದೇವಾಲಯವನ್ನು ಅಪವಿತ್ರಗೊಳಿಸಿದ ತನಕ ವಿವರಗಳು ತಪ್ಪುವುದಿಲ್ಲ. ಆದರೆ ಅವನು ಸಮುದ್ರಕ್ಕೂ ಪವಿತ್ರ ಪರ್ವತಕ್ಕೂ ನಡುವೆ ಡೇರೆ ಹಾಕಿ ಅಲ್ಲಿ ಕೊನೆಗಾಣುವನೆಂಬ ಮಾತು ಮಾತ್ರ ನಡೆದ ಸಂಗತಿಗೆ ಹೊಂದುವುದಿಲ್ಲ, ಅವನು ಕ್ರಿ.ಪೂ. 164ರಲ್ಲಿ ಸತ್ತದ್ದು ದೂರದ ಪಾರಸೀಕ ದೇಶದಲ್ಲಿ. ಆದ್ದರಿಂದ ಗ್ರಂಥವು ಈಗಿನ ರೂಪವನ್ನು ಪಡೆದದ್ದು ಈ ಎರಡು ವರ್ಷಗಳ ನಡುವೆ ಎಂದು ಸಿದ್ಧವಾಗುತ್ತದೆ. ಮೂರನೆಯ ಶತಮಾನದಲ್ಲಿಯೇ ಪಾರ್ಫಿರಿ ಎಂಬ ತತ್ತ್ವಜ್ಞನು ಈ ದಾರಿಯನ್ನು ತೋರಿದ್ದನು. ಗ್ರಂಥವು ಆರನೆಯ ಶತಮಾನದ ದಾನಿಯೇಲನದೇ ಎಂದು ನಂಬುವ ಶ್ರದ್ಧಾಳುಗಳು ಇಂದಿಗೂ ಇದ್ದಾರೆ. ನಮಗೆ ಮುಖ್ಯವಾದುದು ಪರೀಕ್ಷೆಯ ಕ್ರಮ: ನಿಖರತೆ ಎಲ್ಲಿ ನಿಲ್ಲುವುದೋ ಅಲ್ಲಿ ಬರೆದವನು ನಿಂತಿದ್ದಾನೆ. ಇದನ್ನು ಮೋಸವೆಂದು ತಳ್ಳುವುದು ಅವಿವೇಕ. ಹಿಂಸೆಗೆ ಗುರಿಯಾದ ಜನಕ್ಕೆ, ಇಷ್ಟು ರಾಜ್ಯಗಳು ಅಳಿದಂತೆ ಇದೂ ಅಳಿಯುವುದೆಂದು ಧೈರ್ಯ ಹೇಳುವುದೇ ಅದರ ಉದ್ದೇಶವಾಗಿತ್ತು.

ನಮ್ಮ ಕಾಲಜ್ಞಾನಗಳಿಗೂ ಈ ಒರೆಗಲ್ಲು ಸಲ್ಲುತ್ತದೆ. ವಿದ್ಯಾರಣ್ಯರ ಹೆಸರಿನಲ್ಲಿ ಹಬ್ಬಿದ ಕಾಲಜ್ಞಾನಗಳು ವಿಜಯನಗರದ ಅರಸರನ್ನು ಮುಂದೆ ಬರುವವರೆಂಬಂತೆ ವರ್ಣಿಸುತ್ತವೆ. ಹದಿನಾಲ್ಕನೆಯ ಶತಮಾನದ ಗುರುವಿನ ಬಾಯಲ್ಲಿ ನಂತರದ ಅರಸರು ಬಂದರೆ, ಆ ಪಾಠವು ಆ ಅರಸರನ್ನು ಕಂಡವರ ಕಾಲದ್ದೆಂದು ಹೇಳಬೇಕಾಗುವುದು. ಆದರೆ ಭಾಕಣೂಕಕ್ಕೆ ಈ ಪರೀಕ್ಷೆ ನೇರವಾಗಿ ಒಗ್ಗದು. ಬಾಯಿಂದ ಬಾಯಿಗೆ ಸಾಗುವ ನುಡಿಯಲ್ಲಿ ಫಲಿಸಿದ್ದು ಉಳಿಯುವುದು, ಫಲಿಸದ್ದು ಮರೆವಿಗೆ ಸಲ್ಲುವುದು. ಹೀಗಾಗಿ ನಿಖರತೆ ನಿಂತ ಎಡೆಯೇ ಕಾಣದಂತಾಗುವುದು. ನುಡಿದ ದಿನವೇ, ಫಲ ಕಾಣುವ ಮೊದಲೇ, ತಿಥಿಸಹಿತ ಪೂರ್ಣವಾಗಿ ಬರೆದಿಟ್ಟ ಪಾಠವೊಂದೇ ಸಾಧನವೆನಿಸೀತು. ನಿಪ್ಪಾಣಿ, ಚಿಕ್ಕೋಡಿಗಳ ಕಾಲೇಜು ವಿದ್ಯಾರ್ಥಿಗಳಿಗೆ ಇದಕ್ಕಿಂತ ಹತ್ತಿರದ ಕ್ಷೇತ್ರಕಾರ್ಯ ಬೇರೊಂದಿಲ್ಲ. ಅಂಥ ಹತ್ತು ವರ್ಷದ ಪಾಠಗಳು ಕೈಸೇರಿದರೆ ಮುಂದೇನಾಗುವುದೆಂಬುದು ತಿಳಿಯದಿದ್ದರೂ, ಗಡಿಸೀಮೆಯ ಒಕ್ಕಲು ಯಾವ ವರ್ಷ ಯಾವುದಕ್ಕೆ ಅಂಜಿತ್ತೆಂಬುದು ತಿಳಿದೀತು.

ಇನ್ನು ಈ ನೆಲದ ಶಾಸನಗಳು ಭವಿಷ್ಯವನ್ನು ನುಡಿಯುವ ಬಗೆಯೇ ಬೇರೆ. ಚಿಕ್ಕೋಡಿ ಸೀಮೆಯ ಏಕಸಂಬಿಯ 1165ರ ಶಾಸನವನ್ನು ನೋಡಬೇಕು. ಶಿಲಾಹಾರ ವಿಜಯಾದಿತ್ಯನ ಸೇನಾಪತಿಯಾದ ಕಾಲಣನು ಅಲ್ಲಿ ನೇಮಿನಾಥ ಬಸದಿಯನ್ನು ಕಟ್ಟಿಸಿದನು. ರಟ್ಟರ ಕಾರ್ತವೀರ್ಯನು ಆ ಬಸದಿಗೆ ಬಂದು ದತ್ತಿಯನ್ನಿತ್ತನು. ಅದನ್ನು ಪಡೆದವನು ಯಾಪನೀಯ ಸಂಘದ ವಿಜಯಕೀರ್ತಿ. ಒಬ್ಬ ಅರಸನ ದಂಡನಾಯಕನು ಕಟ್ಟಿಸಿದ್ದಕ್ಕೆ ನೆರೆಯ ಅರಸನ ಕಾಣಿಕೆ! ಈ ಕಾಲದ ದಾನಶಾಸನಗಳ ಕೊನೆಯಲ್ಲಿ ಬರುವ ಶ್ಲೋಕಗಳನ್ನು ನಾವು ರೂಢಿಯ ಮಾತೆಂದು ಓದದೆ ಬಿಟ್ಟುಬಿಡುತ್ತೇವೆ. ಸಗರನೇ ಮೊದಲಾದ ಅನೇಕ ರಾಜರು ಈ ಭೂಮಿಯನ್ನು ಅನುಭವಿಸಿ ಹೋದರು, ಯಾವಾಗ ಯಾರದು ಭೂಮಿಯೋ ಆಗ ಅವರಿಗೇ ಅದರ ಫಲ ಎಂಬುದು ಅವುಗಳಲ್ಲಿ ಒಂದರ ತಾತ್ಪರ್ಯ. ಅರಸನು ತನ್ನ ವಂಶವೇ ಶಾಶ್ವತವೆಂದು ಇಲ್ಲಿ ಹೇಳಿಕೊಳ್ಳುವುದಿಲ್ಲ. ಚಂದ್ರಸೂರ್ಯರಿರುವ ತನಕ ನಿಲ್ಲಬೇಕಾದುದು ದತ್ತಿ; ಅದನ್ನು ಕಾಯಬೇಕಾದವನು ಮುಂದೆ ಬರುವ ಯಾವನೋ ಅರಸ, ಒಂದು ವೇಳೆ ತನ್ನನ್ನು ಸೋಲಿಸಿದವನೇ.

ಹಾಗೆಯೇ ಆಯಿತು. ಹದಿಮೂರನೆಯ ಶತಮಾನದ ಪೂರ್ವಾರ್ಧದಲ್ಲಿ ದೇವಗಿರಿಯ ಸೇವುಣರು ಶಿಲಾಹಾರರನ್ನೂ ರಟ್ಟರನ್ನೂ ಅಡಗಿಸಿದರು. 1296ರಲ್ಲಿ ಅಲಾವುದ್ದೀನನ ದಾಳಿಗೆ ಬಾಗಿದ ಸೇವುಣರು ಮುಂದೆ ಇಪ್ಪತ್ತೈದು ವರ್ಷಗಳೊಳಗಾಗಿ ಅಳಿದರು. 1347ರಲ್ಲಿ ಬಹಮನಿ ರಾಜ್ಯ ತಲೆಯೆತ್ತಿತು. ಇಷ್ಟೆಲ್ಲ ಕಳೆದ ಮೇಲೆ, 1394ರಲ್ಲಿ, ಕಾಗವಾಡದ ಬಸದಿಯ ನೆಲಮಾಳಿಗೆಯಲ್ಲಿ ಯಾಪನೀಯ ಗುರುಗಳಾದ ಧರ್ಮಕೀರ್ತಿ, ನಾಗಚಂದ್ರರ ಹೆಸರುಗಳು ಕಲ್ಲಿನ ಮೇಲೆ ಕಂಡರಿಸಲ್ಪಟ್ಟವು. ಸದಲಗಾದಲ್ಲಿ ಹುಟ್ಟಿದ ಡಾ. ಆ. ನೇ. ಉಪಾಧ್ಯೆಯವರು ಯಾಪನೀಯ ಸಂಘವನ್ನು ಕುರಿತು ಬರೆಯುವಾಗ ಈ ಶಾಸನವನ್ನು ಗಮನಕ್ಕೆ ತಂದಿದ್ದಾರೆ. ಏಕಸಂಬಿಯ ದತ್ತಿಗೂ ಇದಕ್ಕೂ ನಡುವೆ 229 ವರ್ಷ. ದತ್ತಿಯಿತ್ತ ಕಾಲದ ಎರಡು ಅರಸುಮನೆತನಗಳೂ ಆ ವೇಳೆಗೆ ಇರಲಿಲ್ಲ, ದತ್ತಿ ಪಡೆದವರ ಸಂಘವಿತ್ತು.